‘ನೀವೇನ್ ಮಾಡಿದ್ರಿ’ ಎಂದು ಕೇಳುತ್ತಿದ್ದ ಮೇಸ್ತ್ರಿ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಹೋದ ತಿಂಗಳು ಒಂದು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಗ್ಯಾರೇಜಿನ ಮೇಸ್ತ್ರಿಗಳ ಫೋಟೋ, ಕೆಳಗೆ ‘ಸದಾ ನಗುಮೊಗದ, ಮೃದು ಮಾತಿನ ಸರಳ ಸಜ್ಜನ’ ಎಂಬ ಸಾಲು. ನಾನು ಗಾಡಿ ನಿಲ್ಲಿಸಿ, ಇಳಿದು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಮೂವತ್ತನಾಲ್ಕು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ಕೈಯಲ್ಲಿ ಕೆಂಪು ಪೆನ್ನಿದ್ದಿದ್ದರೆ ಆ ಸಾಲಿಗೆ ಅಲ್ಲೇ ಗೀಟು ಹಾಕಿಬಿಡುತ್ತಿದ್ದೆ.

ಆ ಮನುಷ್ಯ ನಕ್ಕಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಫೋಟೋದಲ್ಲಿರುವ ನಗುವನ್ನು ಯಾರೋ ಕಂಪ್ಯೂಟರಿನಲ್ಲಿ ಎಳೆದು ಕೂರಿಸಿರಬೇಕು. ಮೃದು ಮಾತಂತೂ ದೂರದ ಮಾತಾಯಿತು. ಬಾಯಿ ತೆರೆದರೆ ಎದುರಿಗಿದ್ದವರಿಗೆ ಯಾಕಾದರೂ ಇಲ್ಲಿಗೆ ಬಂದೆವೋ ಅನ್ನಿಸಬೇಕು, ಹಾಗೆ ಮಾತಾಡುತ್ತಿದ್ದರು. ಸತ್ತವರನ್ನೆಲ್ಲ ಒಳ್ಳೆಯವರನ್ನಾಗಿ ಮಾಡಿ ಮುಗಿಸಿಬಿಡುವ ಚಪಲ ನಮ್ಮ ಜನಕ್ಕೆ. ಒಳ್ಳೆಯವರು ಅಂದುಬಿಟ್ಟರೆ ಆಮೇಲೆ ಅವರ ಬಗ್ಗೆ ಯೋಚಿಸುವ ಕೆಲಸವೇ ಇರುವುದಿಲ್ಲ ನೋಡಿ. ನಾನು ಅದಕ್ಕೆ ಒಪ್ಪುವವಳಲ್ಲ. ಅವರು ಸಿಡುಕರು, ಹಠಮಾರಿ, ದೊಡ್ಡವರು ಚಿಕ್ಕವರು ಅಂತ ನೋಡದೆ ಮುಖಕ್ಕೆ ಹೊಡೆದಂತೆ ಮಾತಾಡುವವರು. ಇವತ್ತು ನನ್ನ ಮನೆ ನನ್ನದಾಗಿ ಉಳಿದಿದ್ದರೆ ಅದಕ್ಕೆ ಆ ಸಿಡುಕೇ ಕಾರಣ.

ಹೆಸರು ಬರೆಯುವುದಿಲ್ಲ. ಅವರ ಗ್ಯಾರೇಜಿಗೇ ಬೋರ್ಡು ಇರಲಿಲ್ಲ. ಯಾಕೆ ಹಾಕಿಸಿಲ್ಲ ಅಂತ ಕೇಳಿದ್ದಕ್ಕೆ, “ಬೇಕಾದೋರು ಹುಡ್ಕೊಂಡು ಬರ್ತಾರೆ, ಬೇಡದೋರಿಗೆ ಯಾಕೆ ದಾರಿ ತೋರಿಸ್ಲಿ?” ಅಂದಿದ್ದರು. ಊರೆಲ್ಲ ಅವರನ್ನು ಮೇಸ್ತ್ರಿಗಳು ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಮನೆ ಅಂದೆನಲ್ಲ, ಅದನ್ನು ಮೊದಲು ಹೇಳಿಬಿಡಬೇಕು. ನನ್ನ ಮನೆ ಅಂದರೆ ಒಂದು ಗಾಡಿ. ಮಲ್ಲಂದೂರು ಕಡೆಯ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ, ಮದುವೆಯಾಗಲಿಲ್ಲ, ಇದ್ದಷ್ಟು ದಿನವೂ ಬಾಡಿಗೆ ರೂಮುಗಳಲ್ಲೇ ಇದ್ದೆ. ರಿಟೈರಾದ ಮೇಲೆ ಹದಿನಾರು ಸೀಟಿನ ಒಂದು ಹಳೆಯ ಡೀಸೆಲ್ ಶಾಲಾ ವ್ಯಾನು ಕೊಂಡುಕೊಂಡೆ. ಸೀಟುಗಳನ್ನು ಕಿತ್ತು, ಆಚಾರಿಯಿಂದ ಮಂಚ, ಕಪಾಟು, ಅಡುಗೆ ಕಟ್ಟೆ ಮಾಡಿಸಿ, ಕಿಟಕಿಗೆ ಪರದೆ ಹಾಕಿದೆ. ಪೇಟೆಯವರು ಇದಕ್ಕೆ ಮೋಟಾರ್‌ಹೋಮ್ ಅನ್ನುತ್ತಾರಂತೆ. ನಮ್ಮ ಕಡೆ ‘ಟೀಚರ್ ಡಬ್ಬ’ ಅಂದರು. ಅನ್ನಲಿ. ಬೇಕಾದ ಊರಿನಲ್ಲಿ ನಿಲ್ಲಿಸಿಕೊಂಡು, ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುವ ಸುಖ ಅಂದವರಿಗೇನು ಗೊತ್ತು?

ಅಣ್ಣನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅಣ್ಣ ಚಿಕ್ಕಮಗಳೂರು ಪೇಟೆಯಲ್ಲಿದ್ದಾನೆ, ಕೆಟ್ಟವನಲ್ಲ. ನನಗೆಂದು ಅವನ ಮನೆಯ ಮಹಡಿಯಲ್ಲಿ ಒಂದು ರೂಮು ತಯಾರು ಮಾಡಿಸಿದ್ದ. ಗೋಡೆಗೆ ತಿಳಿಗುಲಾಬಿ ಬಣ್ಣ ಹೊಡೆಸಿ, ಫ್ಯಾನು ಹಾಕಿಸಿ, ಎಲ್ಲ ಮುಗಿದ ಮೇಲೆ ನನಗೆ ಹೇಳಿದ. ನನ್ನ ಓದು, ನನ್ನ ಕೆಲಸ, ನನಗೆ ನೋಡಿದ ಗಂಡುಗಳು, ಎಲ್ಲದರಲ್ಲೂ ಅವನದು ಅದೇ ಕ್ರಮ. ತೀರ್ಮಾನವಾದ ಮೇಲೆ ಸುದ್ದಿ ನನಗೆ ಬರುತ್ತಿತ್ತು. ಗಾಡಿಯೊಂದೇ ನಾನು ಅವನಿಗೆ ಹೇಳದೆ ಮಾಡಿದ್ದು.

ಮೊದಲ ವರ್ಷ ಗಾಡಿ ಚೆನ್ನಾಗಿಯೇ ಓಡಿತು. ಎರಡನೆಯ ವರ್ಷದ ಮಳೆಗಾಲ ಕಳೆಯುತ್ತಿದ್ದಂತೆ ಬಿಸಿಯಾಗಲು ಶುರುವಾಯಿತು. ಮಟ್ಟಸ ರಸ್ತೆಯಲ್ಲಿ ತೊಂದರೆಯಿಲ್ಲ, ಏರು ಬಂತೆಂದರೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಕೈಮರದಿಂದ ಅಟ್ಟಿಗುಂಡಿಗೆ ಹತ್ತುವಾಗ ಅರ್ಧ ದಾರಿಯಲ್ಲಿ ಬುಸ್ಸೆಂದು ಹಬೆ ಎದ್ದಿತು. ಹಿಂದೆ ಪ್ರವಾಸಿಗಳ ಕಾರುಗಳ ಸಾಲು. ಒಬ್ಬರೂ ನೀರು ಬೇಕಾ ಅನ್ನಲಿಲ್ಲ, ನಾಲ್ಕು ಜನ ವಿಡಿಯೋ ಮಾಡಿಕೊಂಡರು. ಅಣ್ಣ ಜೀಪು ತಂದು, ಹಗ್ಗ ಕಟ್ಟಿ ಕೆಳಗಿಳಿಸಿದ.

ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ನೋಡಿ, ಇಂಜಿನ್ನಿನೊಳಗೆ ನೀರಿಗೂ ಹೊಗೆಗೂ ಅಡ್ಡ ಇರುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಒಳಗೆಲ್ಲ ಹಾಳಾಗಿದೆ, ಗುಜರಿಗೆ ಹಾಕುವುದೇ ವಾಸಿ ಅಂತ ಚೀಟಿ ಬರೆದುಕೊಟ್ಟರು. ಅಣ್ಣ ಆ ಚೀಟಿ ಹಿಡಿದುಕೊಂಡು ನನ್ನ ಮುಂದೆ ಕೂತ.

“ನೋಡು ಮಾರಾಯ್ತಿ, ಸಾಕಿನ್ನು. ಈ ವಯಸ್ಸಲ್ಲಿ ನಡುರಸ್ತೇಲಿ ನಿಂತ್ಕೊಂಡು ಜನರ ಕೈಲಿ ನಗಿಸ್ಕೊಳ್ಳೋದು ಬೇಡ. ರೂಮು ಕಾಯ್ತಾ ಉಂಟು.”

“ರಿಪೇರಿ ಮಾಡಿಸ್ತೀನಿ,” ಅಂದೆ.

“ಹಂಗಾದ್ರೆ ಒಂದು ಮಾತು. ಅದೇ ಅಟ್ಟಿಗುಂಡಿಗೆ, ಎಲ್ಲೂ ನಿಲ್ಲಿಸ್ದೆ ಹತ್ತಿಸಿ ತೋರಿಸು. ನಾನೇ ಮೇಲೆ ನಿಂತಿರ್ತೀನಿ. ಹತ್ತಿದ್ರೆ ನಿನ್ನ ದಾರಿ ನಿಂಗೆ. ಇಲ್ಲಾಂದ್ರೆ ಗುಜರಿಯವ್ನು ತಗೊಂಡು ಹೋಗ್ತಾನೆ, ನೀನು ಮನೆಗೆ ಬರ್ತೀಯ.”

ನನಗೂ ಹಠ ಕಡಿಮೆಯೇನಿಲ್ಲ. ಆಯ್ತು ಅಂದುಬಿಟ್ಟೆ.

ಮೇಸ್ತ್ರಿಗಳ ಗ್ಯಾರೇಜಿದ್ದ ಮೂಡಿಗೆರೆಯವರೆಗೆ ಐದು ಕಡೆ ನಿಲ್ಲಿಸಿ, ಆರಿಸಿ, ನೀರು ಹಾಕಿ, ಹೇಗೋ ಗಾಡಿ ತಂದೆ. ಮೇಸ್ತ್ರಿಗಳು ಒಂದು ಜೀಪಿನ ಅಡಿಯಲ್ಲಿ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲುಗಳಿಗೆ ನಮಸ್ಕಾರ ಹೇಳಿದೆ.

“ಗಾಡಿ ಬಿಸಿ ಆಗ್ತದೆ, ಮೇಸ್ತ್ರಿಗಳೇ.”

“ವಾಸನೆ ಬಂತು,” ಅಂತ ಅಡಿಯಿಂದ ಉತ್ತರ. “ನೀವೇನ್ ಮಾಡಿದ್ರಿ?”

“ನಾನೇನ್ ಮಾಡ್ಲಿ? ಓಡಿಸ್ದೆ.”

“ಮತ್ತೆ?”

“ಮತ್ತೇನಿಲ್ಲ.”

“ಹಂಗಾದ್ರೆ ಆ ಹಲಸಿನ ಮರದ ಕೆಳಗೆ ನಿಲ್ಸಿ. ನೆನಪಾದಾಗ ಹೇಳಿ.”

ಅವರ ಪದ್ಧತಿ ಅದು, ಆಮೇಲೆ ಗೊತ್ತಾಯಿತು. ಗಾಡಿಗೆ ಏನಾಯಿತು ಅಂತ ಯಾರನ್ನೂ ಕೇಳುತ್ತಿರಲಿಲ್ಲ. ಅದನ್ನು ತಾನೇ ನೋಡಿ ತಿಳಿದುಕೊಳ್ಳುತ್ತೇನೆ ಅನ್ನುತ್ತಿದ್ದರು. ಕೇಳುತ್ತಿದ್ದದ್ದು ಒಂದೇ, ನೀವೇನ್ ಮಾಡಿದ್ರಿ. ಅದಕ್ಕೆ ನಿಜವಾದ ಉತ್ತರ ಬರುವವರೆಗೆ ರಿಪೇರಿಗೆ ಪಾನಾ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಯಾರಾದರೂ ಆಗಲಿ, ಎಷ್ಟು ಎಕರೆಯವರಾದರೂ ಆಗಲಿ.

ಉಳಿದವರು ಗಾಡಿ ಬಿಟ್ಟು ಮನೆಗೆ ಹೋಗುತ್ತಿದ್ದರು. ನನಗೆ ಗಾಡಿಯೇ ಮನೆ, ನಾನು ಹೋಗುವುದೆಲ್ಲಿಗೆ? ಹಲಸಿನ ಮರದ ಕೆಳಗೆ ಸಂಸಾರ ಹೂಡಿದೆ. ಅವರು ಇರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಹಾಗಾಗಿ ಸುಮಾರು ಒಂದು ವಾರ, ಬೆಳಗಿನಿಂದ ಸಂಜೆಯವರೆಗೆ, ಆ ಮನುಷ್ಯನನ್ನು ನನ್ನ ಅಡುಗೆ ಕಟ್ಟೆಯ ಕಿಟಕಿಯಿಂದ ನೋಡುವ ಯೋಗ ನನಗೆ ಬಂತು.

ಇಂಜಿನ್ ಬಿಸಿ ನೋಡುವಾಗ ಅಂಗೈ ಇಡುತ್ತಿರಲಿಲ್ಲ, ಮಗುವಿಗೆ ಜ್ವರ ನೋಡುವಂತೆ ಕೈ ಮಗುಚಿ ಹಿಂಗೈ ಇಡುತ್ತಿದ್ದರು. ಅಂಗೈ ದಡ್ಡುಗಟ್ಟಿ ಅದಕ್ಕೆ ಏನೂ ತಿಳಿಯುವುದಿಲ್ಲ ಅಂತ ಕಾರಣ. ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಒತ್ತಿ, ಹಿಡಿ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಕಣ್ಣು ಬಿಟ್ಟು ಒಮ್ಮೆ ನೋಡುತ್ತಿದ್ದರು, ಅಷ್ಟೇ ಸಾಕಾಗುತ್ತಿತ್ತು. ಇಂಜಿನ್ ಹೋಯಿತು ಅನ್ನುವ ಮಾತನ್ನು ಅವರ ಮುಂದೆ ಆಡುವ ಹಾಗಿರಲಿಲ್ಲ. ನಾನು ವರ್ಕ್‌ಶಾಪಿನ ಚೀಟಿ ತೋರಿಸಿದಾಗ ಪೂರ್ತಿ ಓದಿದರು.

“ಬಿಚ್ಚಿ ನೋಡಿದ್ರಾ ಇವರು?” ಅಂತ ಕೇಳಿದರು.

“ಇಲ್ಲ, ಹೊರಗಿಂದ ನೋಡಿ ಹೇಳಿದ್ದು.”

“ಹಂಗಾದ್ರೆ ಇದು ಕಾಗದ,” ಅಂದವರೇ ಅದನ್ನು ಮಡಚಿ, ಅಲುಗಾಡುತ್ತಿದ್ದ ತಮ್ಮ ಸ್ಟೂಲಿನ ಒಂದು ಕಾಲಿನ ಕೆಳಗಿಟ್ಟು, ಕೂತು ಟೀ ಕುಡಿದರು.

ನಾನಿದ್ದ ಎರಡನೆಯ ದಿನ ಒಬ್ಬ ದೊಡ್ಡ ಎಸ್ಟೇಟಿನ ಯಜಮಾನರು ಬಂದರು. ಅವರ ಜೀಪು ಐದು ದಿನದಿಂದ ಅಲ್ಲೇ ನಿಂತಿತ್ತು.

“ಡ್ರೈವರ್ ಏನೋ ಮಾಡಿದಾನೆ ಮೇಸ್ತ್ರಿಗಳೇ, ನಂಗೆ ಗೊತ್ತಿಲ್ಲ,” ಅಂದರು ಯಜಮಾನರು.

“ಹಂಗಾದ್ರೆ ಡ್ರೈವರ್‌ನ ಕಳಿಸಿ. ಅವನೇ ಹೇಳ್ಲಿ.”

“ನಾನು ಹೇಳ್ತಿದೀನಲ್ಲ?”

“ನೀವು ಅವನು ಮಾಡಿದ್ದು ಅಂತಿದೀರಿ. ನಂಗೆ ಮಾಡಿದವ್ರ ಬಾಯಿಂದ ಬೇಕು.”

ಯಜಮಾನರ ಮುಖ ಕೆಂಪಾಯಿತು. ಹಳ್ಳದ ನೀರಿನಲ್ಲಿ ಜೀಪು ನುಗ್ಗಿಸಿದ್ದು ಅವರೇ ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಂದು ಮಾತು ಒಪ್ಪಿದ್ದರೆ ಸಂಜೆಗೆ ಜೀಪು ಸಿಗುತ್ತಿತ್ತು. ಒಪ್ಪಲಿಲ್ಲ. ಬೇರೆ ಗಾಡಿ ತರಿಸಿ ಎಳೆಸಿಕೊಂಡು ಹೋದರು. ಅಷ್ಟು ದೊಡ್ಡ ಗಿರಾಕಿ ಕೈತಪ್ಪಿದರೂ ಮೇಸ್ತ್ರಿಗಳು ತಿರುಗಿಯೂ ನೋಡಲಿಲ್ಲ. ಸೊಕ್ಕು ಅಂತ ನಾನು ಮನಸ್ಸಿನಲ್ಲೇ ಬೈದೆ. ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ?

ಅದೇ ಮಧ್ಯಾಹ್ನ ಮೇಸ್ತ್ರಿಗಳು ನನ್ನ ಗಾಡಿಯ ಹತ್ತಿರ ಬಂದರು. “ನೋಡೋದು ಬೇರೆ, ರಿಪೇರಿ ಬೇರೆ. ನೋಡ್ತೀನಿ,” ಅಂದರು. ಫ್ಯಾನ್ ಬೆಲ್ಟು ಒತ್ತಿ ನೋಡಿದರು, ಬಿಗಿಯಾಗಿತ್ತು. ನೀರು ಬಿಸಿಯಾದ ಮೇಲೆ ತಾನಾಗಿ ತೆರೆದುಕೊಳ್ಳುವ ಥರ್ಮೋಸ್ಟಾಟ್ ಅನ್ನುವ ಪುಟ್ಟ ಬಾಗಿಲನ್ನು ಬಿಚ್ಚಿ, ಟೀ ಕಾಸುವ ಪಾತ್ರೆಯಲ್ಲೇ ನೀರಿಟ್ಟು ಕುದಿಸಿದರು. ಅದು ಸರಿಯಾಗಿಯೇ ಬಾಯಿ ತೆರೆಯಿತು. ಮತ್ತೆ ಜೋಡಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಇಂಜಿನ್ ಚಾಲೂ ಮಾಡಿಸಿ ಒಳಗೆ ಬಗ್ಗಿ ನೋಡಿದರು.

“ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಇಲ್ಲಿ ನೀರಲ್ಲಿ ಗುಳ್ಳೆ ಏಳ್ಬೇಕು. ಎಲ್ಲುಂಟು ಗುಳ್ಳೆ? ನೀವೇ ನೋಡಿ ಟೀಚರೇ.”

ಗುಳ್ಳೆ ಇರಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ಇಂಜಿನ್ ಬಿಸಿಯಾದ ಮೇಲೆ ನಿಲ್ಲಿಸಲು ಹೇಳಿ, ರೇಡಿಯೇಟರಿನ ಮೇಲಿಂದ ಕೆಳಗೆ ಹಿಂಗೈ ಆಡಿಸಿದರು. ನನ್ನ ಕೈಯನ್ನೂ ಹಾಗೇ ಆಡಿಸಲು ಹೇಳಿದರು. ಮೇಲೆ ಸುಡುತ್ತಿತ್ತು, ನಡುವಿನಿಂದ ಕೆಳಗೆ ಅಲ್ಲಲ್ಲಿ ತಣ್ಣಗಿತ್ತು.

“ಒಳಗೆ ಕಟ್ಕೊಂಡಿದೆ. ನೀರು ಇಳೀತಿಲ್ಲ. ಇಳೀದಿದ್ರೆ ತಣ್ಣಗಾಗೋದು ಹೆಂಗೆ?” ಅಂದರು.

“ಹಂಗಾದ್ರೆ ಬಿಚ್ಚಿ ಕ್ಲೀನ್ ಮಾಡಿ ಮತ್ತೆ.”

“ಯಾಕೆ ಕಟ್ಕೊಂಡಿದೆ ಅಂತ ನೀವು ಹೇಳಿದ್ಮೇಲೆ ಮಾಡ್ತೀನಿ. ಇಲ್ಲಾಂದ್ರೆ ಆರು ತಿಂಗಳಿಗೆ ಮತ್ತೆ ಬರ್ತೀರಿ. ನಂಗೆ ಗಿರಾಕಿ ಬೇಕು, ಅದೇ ಗಿರಾಕಿ ಅದೇ ಕಾಯಿಲೆಗೆ ಮತ್ತೆ ಬೇಡ.”

ಮುಚ್ಚಳವನ್ನು ನನ್ನ ಕೈಯಲ್ಲಿಟ್ಟು ಹೋದರು. ಒಳಬದಿಗೆ ಬೆಳ್ಳಗೆ, ಸ್ವಲ್ಪ ನೀಲಿ ಬಣ್ಣದ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದೆ. ಆ ಬಣ್ಣ ಕಂಡ ಕೂಡಲೇ ನನಗೆ ಎಲ್ಲ ಗೊತ್ತಾಗಿಹೋಯಿತು.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಆ ಬಣ್ಣ ಯಾರೂ ಹೇಳಿಕೊಡಬೇಕಿಲ್ಲ. ಕಾಫಿ ಗಿಡಕ್ಕೆ ಕೊಳೆರೋಗ ಬರದಂತೆ ಮಳೆಗೆ ಮುಂಚೆ ಹೊಡೆಯುವ ಮದ್ದು, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಆ ಮಳೆಗಾಲವೆಲ್ಲ ನಾನು ಗಾಡಿ ನಿಲ್ಲಿಸಿಕೊಂಡಿದ್ದು ಮಲ್ಲಂದೂರಿನ ಹತ್ತಿರ, ಹಳೆಯ ವಿದ್ಯಾರ್ಥಿಯೊಬ್ಬನ ತೋಟದ ಶೆಡ್ಡಿನಲ್ಲಿ. ಪಕ್ಕದಲ್ಲೇ ಮದ್ದು ಕಲಸುವ ಡ್ರಮ್ಮು. ಹೊಡೆದು ಮುಗಿದ ಮೇಲೆ ಅದರಲ್ಲಿ ಮಳೆನೀರು ತುಂಬಿ, ಮದ್ದೆಲ್ಲ ತಳಕ್ಕಿಳಿದು, ಮೇಲೆ ಕನ್ನಡಿಯಂಥ ತಿಳಿನೀರು. ತೋಟದವರು ಅದರಲ್ಲೇ ಬೂಟು ತೊಳೆಯುತ್ತಾರೆ, ಕತ್ತಿ ತೊಳೆಯುತ್ತಾರೆ. ನಮ್ಮ ಕಣ್ಣಿಗೆ ಅದು ನೀರೇ. ರೇಡಿಯೇಟರಿನ ಒಂದು ಹೋಸ್ ಪೈಪಿನ ಕ್ಲಿಪ್ಪು ಸಡಿಲವಾಗಿ ವಾರವಾರವೂ ನೀರು ಕಡಿಮೆಯಾಗುತ್ತಿತ್ತು. ನಲ್ಲಿ ಇದ್ದದ್ದು ಅಂಗಳದಾಚೆ. ಮಳೆಯಲ್ಲಿ ಅಲ್ಲಿಯವರೆಗೆ ಹೋಗುವ ಸೋಮಾರಿತನಕ್ಕೆ ಡ್ರಮ್ಮಿನಿಂದ ಮಗ್ಗಿನಲ್ಲಿ ಮೊಗೆದು ಹಾಕುತ್ತಾ ಬಂದೆ. ಸುಣ್ಣದ ನೀರು ಬಿಸಿಯಾದಾಗಲೆಲ್ಲ ಒಳಗಿನ ಸಣ್ಣ ಕೊಳವೆಗಳಲ್ಲಿ ಪದರ ಪದರವಾಗಿ ಕಟ್ಟುತ್ತಾ ಹೋಗಿದೆ.

ಗೊತ್ತಾದದ್ದು ಎರಡನೆಯ ದಿನ, ಬಾಯಿ ಬಿಟ್ಟಿದ್ದು ನಾಲ್ಕನೆಯ ದಿನ. ಮಧ್ಯದ ಒಂದೂವರೆ ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಗಾಡಿ ಮಾರಿದವನನ್ನು ಬೈದುಕೊಂಡೆ. ಹಳೆಯ ರೇಡಿಯೇಟರು, ಹೇಗೂ ಕಟ್ಟಿಕೊಳ್ಳುತ್ತಿತ್ತು ಅಂದುಕೊಂಡೆ. ನಿಜ ಭಯ ಬೇರೆಯೇ ಇತ್ತು. ಮಾಡಿದ್ದು ನಾನೇ ಅಂತ ಅಣ್ಣನ ಕಿವಿಗೆ ಬಿದ್ದರೆ ಅವನ ಮಾತೇ ಗೆದ್ದಂತೆ. ನೀರು ಯಾವುದು ಮದ್ದು ಯಾವುದು ಅಂತ ತಿಳಿಯದವಳು ಒಬ್ಬಳೇ ಗಾಡಿಯಲ್ಲಿ ಇರುತ್ತಾಳಂತೆ ಅನ್ನುತ್ತಾನೆ. ಕಿಟಕಿ ಗಾಜು ಒಡೆದ ಮಕ್ಕಳನ್ನು ನಿಜ ಹೇಳುವವರೆಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ನಾಚಿಕೆಯಾಗಬೇಕು.

ನಾಲ್ಕನೆಯ ಬೆಳಿಗ್ಗೆ ಅವರ ಸ್ಟೂಲಿನ ಎದುರು ಹೋಗಿ ನಿಂತೆ.

“ಮದ್ದಿನ ಡ್ರಮ್ಮಿನ ನೀರು ಹಾಕಿದ್ದೆ.”

“ಎಷ್ಟು ದಿನ?”

“ಮಳೆಗಾಲ ಪೂರ್ತಿ.”

ಅವರು ಟೀ ಲೋಟ ಕೆಳಗಿಟ್ಟರು. “ಸರಿ ಬಿಡಿ. ನಿಮ್ಮ ಇಂಜಿನ್ನಿಗೆ ಇನ್ನು ಕೊಳೆರೋಗ ಬರಲ್ಲ.”

ನಗಲಿಲ್ಲ. ಹೇಳಿದ್ದು ತಮಾಷೆಯೋ ಬೈಗುಳವೋ ಅಂತ ನನಗೆ ಈಗಲೂ ಗೊತ್ತಿಲ್ಲ. ಎದ್ದು ಪಾನಾ ತೆಗೆದುಕೊಂಡರು. ನಾನು ಹಿಂದೆಯೇ ಹೋಗಿ, “ನಮ್ಮಣ್ಣಂಗೆ ಇದು ಗೊತ್ತಾಗ್ಬಾರ್ದು ಮೇಸ್ತ್ರಿಗಳೇ,” ಅಂದೆ.

“ನಾನ್ಯಾಕೆ ಹೇಳ್ಲಿ? ಹೇಳೋದು ಬಿಡೋದು ನಿಮ್ಮ ಕೆಲಸ.”

ರೇಡಿಯೇಟರ್ ಹೊರಗಿಳಿಸಿ, ಅದರ ಮೇಲಿನ ತೊಟ್ಟಿಯ ಬೆಸುಗೆ ಕಾಸಿ ಬಿಡಿಸಿದರು. ಕೆಳಗೆ ಸಾಲು ಸಾಲು ಚಪ್ಪಟೆ ಕೊಳವೆಗಳು, ಅರ್ಧಕ್ಕರ್ಧ ಬಾಯಿ ಮುಚ್ಚಿದ್ದವು. ತೆಳ್ಳನೆಯ ಒಂದು ಉಕ್ಕಿನ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ತುಂಬಿಸಿದ್ದು ನೀವು, ತೆಗೆಯೋದೂ ನೀವೇ. ಜೋರು ಮಾಡ್ಬೇಡಿ, ತೂತಾಗ್ತದೆ,” ಅಂದರು. ಎರಡು ದಿನ ಕೂತು ಒಂದೊಂದೇ ಕೊಳವೆಯಲ್ಲಿ ಪಟ್ಟಿ ಇಳಿಸಿ ಎಳೆದೆ. ಒದ್ದೆ ಸೀಮೆಸುಣ್ಣದಂಥ ರಾಡಿ ಬಂತು. ಬೆರಳೆಲ್ಲ ಗಾಯ. ಅವರು ನಡುನಡುವೆ ಬಂದು ಬೆಳಕಿಗೆ ಹಿಡಿದು ನೋಡಿ, ಸರಿಯಾಗದ್ದಕ್ಕೆ ಬೆರಳು ತೋರಿಸಿ ಹೋಗುತ್ತಿದ್ದರು. ಭೇಷ್ ಅನ್ನುವ ಪದ ಅವರಿಗೆ ಗೊತ್ತೇ ಇರಲಿಲ್ಲ.

ಇಂಜಿನ್ನಿನ ಒಳಗೆ ಕಟ್ಟಿದ್ದ ಸುಣ್ಣಕ್ಕೆ ಹುಣಸೆಹಣ್ಣು ನೆನೆಸಲು ಹೇಳಿದರು. ದಪ್ಪ ಹುಳಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಇಂಜಿನ್ನಿನ ನೀರಿನ ದಾರಿಗೆ ಸುರಿದು, ಸ್ವಲ್ಪ ಹೊತ್ತು ಓಡಿಸಿ, ಬಸಿದು, ಮತ್ತೆ ಸುರಿದು, ಹೀಗೆ ಮೂರು ಸಲ. ಗ್ಯಾರೇಜೆಲ್ಲ ಸಾರಿನ ವಾಸನೆ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ರೇಡಿಯೇಟರ್ ಬೆಸುಗೆ ಹಾಕಿ ಕೂರಿಸಿ, ಸಡಿಲವಾಗಿದ್ದ ಕ್ಲಿಪ್ಪು ಬದಲಿಸಿ, ಹೊಸ ಕೂಲೆಂಟು ತುಂಬಿದರು. “ಹೋಗಿ,” ಅಂದರು.

“ನೀವೂ ಬನ್ನಿ,” ಅಂದೆ. ಬರುತ್ತಾರೆ ಅಂತ ನಂಬಿಕೆಯಿರಲಿಲ್ಲ. ಕೈ ಒರೆಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಅಣ್ಣನಿಗೆ ಫೋನ್ ಮಾಡಿ, ರೇಡಿಯೇಟರ್ ಕಟ್ಟಿಕೊಂಡಿತ್ತು, ಈಗ ಸರಿಯಾಗಿದೆ, ಹನ್ನೊಂದು ಗಂಟೆಗೆ ಅಟ್ಟಿಗುಂಡಿಯಲ್ಲಿ ಇರು ಅಂತಷ್ಟೇ ಅಂದೆ.

ಚಿಕ್ಕಮಗಳೂರು ದಾಟಿ ಕೈಮರದಲ್ಲಿ ಏರು ಶುರುವಾಯಿತು. ಎರಡನೆಯ ಗೇರಿನಲ್ಲಿ ಗಾಡಿ ನರಳುತ್ತಾ ಹತ್ತಿತು. ಮುಳ್ಳು ನಿಧಾನಕ್ಕೆ ಮೇಲೇರಿತು. ಹೋದ ಸಲ ಕೆಟ್ಟು ನಿಂತ ತಿರುವು ಬಂದಾಗ ಅರ್ಧ ದಾಟಿತ್ತು.

“ನಿಲ್ಲಿಸ್ಲಾ?” ಅಂದೆ.

ನಮ್ಮಿಬ್ಬರ ನಡುವೆ ಇದ್ದ ಇಂಜಿನ್ ಮುಚ್ಚಳದ ಮೇಲೆ ಅವರ ಹಿಂಗೈ ಇತ್ತು. “ಮುಳ್ಳು ನೋಡ್ಬೇಡಿ. ರಸ್ತೆ ನೋಡಿ.”

ಮುಳ್ಳು ಅಲ್ಲಿಗೇ ನಿಂತಿತು. ಮುಂದಿನ ತಿರುವಿಗೂ ಏರಲಿಲ್ಲ, ಅದರ ಮುಂದಿನದಕ್ಕೂ ಏರಲಿಲ್ಲ. ನನಗೆ ಅಳು ಬಂತು, ರಸ್ತೆ ಮಂಜಾಗಿ ಕಂಡಿತು. “ಕಣ್ಣೊರೆಸ್ಕೊಳ್ಳಿ, ಎದುರಿಗೆ ಬಸ್ಸು ಬರ್ತದೆ,” ಅಂದರು.

ಅಟ್ಟಿಗುಂಡಿಯಲ್ಲಿ ಅಣ್ಣ ರಸ್ತೆ ಪಕ್ಕ ನಿಂತಿದ್ದ. ಹಿಂದೆ ಜೀಪು, ಜೀಪಿನಲ್ಲಿ ಎಳೆಯುವ ಹಗ್ಗ. ನಾನು ಗಾಡಿ ನಿಲ್ಲಿಸಿ ಇಳಿದೆ. ಅಣ್ಣ ಮುಂದೆ ಬಂದು ಬಗ್ಗಿ ನೋಡಿದ, ಎಲ್ಲೂ ಹಬೆಯಿರಲಿಲ್ಲ. ಅವನಿಗೆ ಸಮಾಧಾನವೇ ಆದಂತಿತ್ತು.

“ಅಂತೂ ಹತ್ತಿಸಿಬಿಟ್ಟೆ ಮಾರಾಯ್ತಿ. ಆ ಗಾಡಿ ಮಾರಿದವ್ನು ಕೆಟ್ಟ ರೇಡಿಯೇಟರ್ ಹಾಕಿ ನಿಂಗೆ ಮೋಸ ಮಾಡಿದಾನೆ ನೋಡು. ನಿಂದೇನೂ ತಪ್ಪಿಲ್ಲ,” ಅಂದ.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿಗಳು ಇಳಿದು, ನಮಗೆ ಬೆನ್ನು ಹಾಕಿ, ಹೋಸ್ ಪೈಪಿನ ಕ್ಲಿಪ್ಪು ಮುಟ್ಟಿ ನೋಡುತ್ತಿದ್ದರು. ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಅವರಿಗೆ ಹೆದರಿ ಹೇಳಿದೆ ಅಂದುಕೊಳ್ಳಬಹುದಿತ್ತು. ಹಾಗೇನಿಲ್ಲ, ನನಗೇ ಹೇಳಬೇಕು ಅನ್ನಿಸಿತು.

“ಇಲ್ಲ ಅಣ್ಣ. ಮದ್ದಿನ ಡ್ರಮ್ಮಿನ ನೀರು ರೇಡಿಯೇಟರಿಗೆ ಹಾಕಿದ್ದು ನಾನೇ. ಮಳೆಗಾಲ ಪೂರ್ತಿ ಹಾಕಿದೀನಿ. ಗಾಡಿ ನಂದು, ತಪ್ಪೂ ನಂದು. ಕೂತು ಕೆರೆದು ತೆಗೆದಿದ್ದೂ ನಾನೇ.”

ಅಣ್ಣ ನನ್ನ ಮುಖ ನೋಡಿದ, ಗಾಯವಾದ ಬೆರಳು ನೋಡಿದ. ನಾನು ಭಯಪಟ್ಟ ಮಾತು ಅವನ ಬಾಯಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನನಗೆ ಹೇಳಲಿಲ್ಲ. ಯಾವತ್ತಿನ ಹಾಗೆ, ನನ್ನನ್ನು ದಾಟಿ, ಪಕ್ಕದ ಗಂಡಸಿನ ಕಡೆ ತಿರುಗಿದ.

“ನೀವೇ ಹೇಳಿ ಮೇಸ್ತ್ರಿಗಳೇ. ನೀರಿಗೂ ಮದ್ದಿಗೂ ವ್ಯತ್ಯಾಸ ನೋಡದೋಳು ಒಬ್ಳೇ ಇದರಲ್ಲಿ ಇರೋಕಾಗ್ತದಾ?”

ಮೇಸ್ತ್ರಿಗಳು ಕ್ಲಿಪ್ಪಿನಿಂದ ಕೈ ತೆಗೆಯಲಿಲ್ಲ.

“ನನ್ನ ಯಾಕೆ ಕೇಳ್ತೀರಿ? ಇರೋರು ಅವರು. ಎದುರಿಗೇ ನಿಂತಿದಾರಲ್ಲ, ಅವರನ್ನ ಕೇಳಿ.”

ಯಾರಾದರೂ ಅಣ್ಣನಿಗೆ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದು ಪ್ರವಾಸಿ ಕಾರು ಹಾರ್ನು ಹೊಡೆಯುತ್ತಾ ದಾಟಿ ಹೋಯಿತು. ಆಮೇಲೆ ಅವನು ನನ್ನ ಕಡೆ ತಿರುಗಿದ. ಅರವತ್ತೊಂದು ವರ್ಷದಲ್ಲಿ ನನ್ನ ಬದುಕಿನ ಬಗ್ಗೆ ಅವನು ನನ್ನನ್ನೇ ಕೇಳಿದ್ದು ಅದೇ ಮೊದಲು.

“ಇರ್ತೀಯಾ?”

“ಇರ್ತೀನಿ,” ಅಂದೆ.